ಎಂಟನೇ ಕ್ಲಾಸಿನಿಂದ ಪಿಯುಸಿವರೆಗೆ: ಗ್ರಂಥಾಲಯಕ್ಕೆ ಬರುವ ಹುಡುಗ ಹುಡುಗಿಯರಿಗೆ ಕಾದಂಬರಿ ಆರಿಸಿಕೊಡುವುದು ಹೇಗೆ

ಎಂಟನೇ ಕ್ಲಾಸು ಮುಟ್ಟಿದ ಹುಡುಗನಿಗೆ ಮಕ್ಕಳ ಕಪಾಟಿನ ಮುಂದೆ ನಿಲ್ಲಲು ನಾಚಿಕೆ. ದೊಡ್ಡವರ ಕಪಾಟಿನ ಮುಂದೆ ನಿಂತರೆ ಕಾಣುವುದು ಒಂದೇ ಬಣ್ಣದ ರಟ್ಟು ಹಾಕಿದ ಸಾಲು ಸಾಲು ಪುಸ್ತಕ. ಯಾವುದನ್ನು ಎಳೆಯಬೇಕೋ ತಿಳಿಯುವುದಿಲ್ಲ. ಎರಡು ಸಲ ಬರಿಗೈಲಿ ಹೋದವನು ಮೂರನೇ ಸಲ ಬಂದರೂ ಪೇಪರ್ ತಿರುವಿ ಎದ್ದು ಹೋಗುತ್ತಾನೆ. ಓದುವ ಮಕ್ಕಳನ್ನು ನಾವು ಕಳೆದುಕೊಳ್ಳುವುದು ಹೆಚ್ಚಾಗಿ ಈ ಎರಡು ಕಪಾಟುಗಳ ನಡುವೆ.

ಇಂಗ್ಲಿಷಿನಲ್ಲಿ ಹನ್ನೆರಡರಿಂದ ಹದಿನೆಂಟರ ವಯಸ್ಸಿಗೆಂದೇ ಕಾದಂಬರಿ ಬರೆಯುವವರಿದ್ದಾರೆ, ಅದಕ್ಕೆಂದೇ ಬೇರೆ ಕಪಾಟೂ ಇರುತ್ತದೆ. ಕನ್ನಡದಲ್ಲಿ ಅಂಥ ಪುಸ್ತಕ ಕಡಿಮೆ. ಇರುವವೂ ಮಕ್ಕಳ ಸಾಹಿತ್ಯದ ಗುಂಪಿನಲ್ಲಿ ಸೇರಿಹೋಗಿವೆ. ಹಾಗಾಗಿ ದೊಡ್ಡವರಿಗೆಂದು ಬರೆದ ಕಾದಂಬರಿಗಳ ನಡುವಿನಿಂದಲೇ ಈ ವಯಸ್ಸಿಗೆ ಒಗ್ಗುವಂಥವನ್ನು ಹೆಕ್ಕಿ, ಒಂದು ಕ್ರಮಕ್ಕೆ ತಂದು ಕೈಗಿಡಬೇಕು. ಈ ಕೆಲಸವನ್ನು ಪ್ರಕಾಶಕರು ಮಾಡಿಕೊಡುವುದಿಲ್ಲ, ಶಾಲೆಯಲ್ಲೂ ಅದಕ್ಕೆ ಬಿಡುವಿಲ್ಲ. ಗ್ರಂಥಾಲಯದ ಮೇಜಿನ ಹಿಂದೆ ಕೂತವರೇ ಮಾಡಬೇಕು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ನಗರ ಗ್ರಂಥಾಲಯ, ಗ್ರಾಮ ಪಂಚಾಯಿತಿ ಅರಿವು ಕೇಂದ್ರ, ಶಾಲೆ ಹಾಸ್ಟೆಲುಗಳ ಪುಸ್ತಕ ಬೀರು ನೋಡಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇವೆ.

ಮೊದಲ ಹೆಜ್ಜೆ: ಪುಸ್ತಕ ಹೊರಗೆ ತೆಗೆಯಿರಿ

ಗ್ರಂಥಾಲಯಗಳಲ್ಲಿ ಪುಸ್ತಕವನ್ನು ವಿಷಯವಾರು ವಿಂಗಡಿಸಿ ನಂಬರು ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಕಾದಂಬರಿಗಳೆಲ್ಲ 894.8143 ಎಂಬ ಒಂದೇ ಸಂಖ್ಯೆಯಡಿ ಬರುತ್ತವೆ. ನೂರೈವತ್ತು ಪುಟದ ಸಾಹಸದ ಕತೆ, ಏಳೆಂಟು ತಿಂಗಳು ಹಿಡಿಯುವ ಐತಿಹಾಸಿಕ ಕಾದಂಬರಿ ಎರಡೂ ಅಕ್ಕಪಕ್ಕ. ಹಳ್ಳಿಯ ಎಷ್ಟೋ ಕೇಂದ್ರಗಳಲ್ಲಿ ಆ ವಿಂಗಡಣೆಯೂ ಇಲ್ಲದೆ ದಾಖಲಾತಿ ನಂಬರಿನ ಕ್ರಮದಲ್ಲೇ ಪುಸ್ತಕ ನಿಂತಿರುತ್ತವೆ. ಯಾವ ಕ್ರಮವಿದ್ದರೂ ಅದನ್ನು ಕೆಡಿಸಬೇಡಿ. ಐವತ್ತರಿಂದ ಅರವತ್ತು ಪುಸ್ತಕ ಮಾತ್ರ ಬೇರೆ ತೆಗೆದು ಕಪಾಟಿನ ಒಂದು ಅಂಕಣದಲ್ಲಿಡಿ, ರಿಜಿಸ್ಟರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ.

ಆರಿಸುವಾಗ ನೋಡಬೇಕಾದ್ದು ಇಷ್ಟು. ಪುಟ 80ರಿಂದ 220ರೊಳಗೆ. ಅಕ್ಷರ ತೀರ ಸಣ್ಣದಿರಬಾರದು; ಹಳೆಯ ಅಗ್ಗದ ಮುದ್ರಣಗಳಲ್ಲಿ ಒತ್ತಕ್ಷರ ಮೆತ್ತಿಕೊಂಡು ಓದಲಾಗದ ಹಾಗಿರುತ್ತದೆ, ಅಂಥವನ್ನು ಎಷ್ಟು ಒಳ್ಳೆಯ ಕೃತಿಯಾದರೂ ಈ ಅಂಕಣಕ್ಕೆ ತರಬೇಡಿ. ಅಧ್ಯಾಯ ಹದಿನೈದು ಪುಟ ಮೀರದಿದ್ದರೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ: ಮೊದಲ ಇಪ್ಪತ್ತು ಪುಟದೊಳಗೆ ಏನಾದರೂ ನಡೆಯುತ್ತದೆಯೇ? ಯಾರೋ ಕಾಣೆಯಾಗಬೇಕು, ಅಪರಿಚಿತನೊಬ್ಬ ಊರಿಗೆ ಬರಬೇಕು, ಜಗಳ ಹುಟ್ಟಬೇಕು, ಸುಳ್ಳೊಂದು ಹೇಳಬೇಕು. ಇಪ್ಪತ್ತು ಪುಟವೂ ಊರಿನ ವರ್ಣನೆಯಲ್ಲೇ ಕಳೆದರೆ ಹದಿನಾಲ್ಕರ ಓದುಗ ಅಲ್ಲೇ ನಿಲ್ಲುತ್ತಾನೆ. ನಾಯಕ ಹದಿಹರೆಯದವನೇ ಆಗಿರಬೇಕೆಂದಿಲ್ಲ, ಆದರೆ ಆ ವಯಸ್ಸಿನ ಪ್ರಶ್ನೆ ಒಂದಾದರೂ ಒಳಗಿರಬೇಕು: ಮನೆಯವರ ಮಾತು ಮೀರಬಹುದೇ, ಗೆಳೆಯನನ್ನು ನಂಬಬಹುದೇ, ಈ ಊರಲ್ಲೇ ಇರಬೇಕೇ, ನಾನು ಯಾತಕ್ಕೆ ಲಾಯಕ್ಕು?

ಪುಸ್ತಕದ ಕೊನೆಯಲ್ಲಿ ಅಂಟಿಸಿದ ತಾರೀಕು ಚೀಟಿಯನ್ನೂ ಓದಿ. ಹತ್ತು ವರ್ಷದಲ್ಲಿ ಎರಡೇ ಸಲ ಹೊರಗೆ ಹೋದ ಪುಸ್ತಕ ಕೆಟ್ಟದ್ದೆಂದಲ್ಲ. ಅದನ್ನು ಯಾರೂ ಬಾಯಿಬಿಟ್ಟು ಪರಿಚಯಿಸಿಲ್ಲ ಎಂದು ತಿಳಿಯಿರಿ.

ಇನ್ನು ರಟ್ಟಿನ ವಿಷಯ. ಪುಸ್ತಕ ಗಟ್ಟಿ ಬರಲೆಂದು ರಟ್ಟು ಕಟ್ಟಿಸುವಾಗ ಮುಖಪುಟ ಕಿತ್ತು ಬಿಸಾಡುವ ರೂಢಿಯಿದೆ. ಈ ವಯಸ್ಸಿನವರು ಪುಸ್ತಕ ಎತ್ತಿಕೊಳ್ಳುವುದು ಮುಖಪುಟ ನೋಡಿ. ರಟ್ಟಿನ ಮೇಲೆ ಅದೇ ಮುಖಪುಟವನ್ನು ಅಂಟಿಸಿಕೊಡಲು ಬೈಂಡರಿಗೆ ಹೇಳಿ. ಈಗಾಗಲೇ ಹೋಗಿದ್ದರೆ ಇನ್ನೊಂದು ಪ್ರತಿಯಿಂದ ಬಣ್ಣದ ಜೆರಾಕ್ಸ್ ತೆಗೆಸಿ ಅಂಟಿಸಿ. ಐದಾರು ಪುಸ್ತಕವನ್ನಾದರೂ ಮುಖ ಮುಂದೆ ಮಾಡಿ ನಿಲ್ಲಿಸಿ, ವಾರಕ್ಕೊಮ್ಮೆ ಬದಲಿಸಿ. ಗಾಜಿನ ಬೀರುವಿಗೆ ಬೀಗ ಹಾಕಿಟ್ಟರೆ ಮೇಲಿನ ಶ್ರಮವೆಲ್ಲ ವ್ಯರ್ಥ. ಬೀಗದ ಕೈ ಕೇಳುವ ಧೈರ್ಯ ಒಂಬತ್ತನೇ ಕ್ಲಾಸಿನ ಹುಡುಗಿಗೆ ಇರುವುದಿಲ್ಲ.

ವಯಸ್ಸಿನ ಚೀಟಿಯನ್ನು ಪುಸ್ತಕದ ಹೊರಗೆ ಅಂಟಿಸಬೇಡಿ. ಓದು ನಿಧಾನವಿರುವ ಹದಿನಾರರ ಹುಡುಗ ‘12+’ ಎಂದು ಬರೆದ ಪುಸ್ತಕವನ್ನು ಗೆಳೆಯರ ಎದುರಿಗೆ ಹಿಡಿದುಕೊಂಡು ಹೋಗುವುದಿಲ್ಲ. ಬದಲಿಗೆ ಬಗೆಗೊಂದು ಬಣ್ಣದ ಚುಕ್ಕೆ ಸಾಕು: ಸಾಹಸ, ಪತ್ತೇದಾರಿಗೆ ಹಳದಿ; ಕಾಡು, ವಿಜ್ಞಾನಕ್ಕೆ ಹಸಿರು; ಇತಿಹಾಸಕ್ಕೆ ನೀಲಿ; ಮನೆ, ಶಾಲೆ, ಸ್ನೇಹದ ಕತೆಗಳಿಗೆ ಕೆಂಪು.

ಎರಡನೆಯದು: ಪುಸ್ತಕಕ್ಕೊಂದು ಕಾರ್ಡು

ಓದದ ಪುಸ್ತಕವನ್ನು ಶಿಫಾರಸು ಮಾಡಿದರೆ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ. ಎಲ್ಲವನ್ನೂ ಪೂರ್ತಿ ಓದಲು ನಿಮಗೆ ಹೊತ್ತಿಲ್ಲವೆಂಬುದೂ ನಿಜ. ಮೊದಲ ಇಪ್ಪತ್ತು ಪುಟ, ನಡುವಿನ ಹತ್ತು ಪುಟ, ಕೊನೆಯ ಅಧ್ಯಾಯ, ಇಷ್ಟನ್ನು ಎಚ್ಚರದಿಂದ ಓದಿದರೆ ಒಂದೂವರೆ ಗಂಟೆ. ವಾರಕ್ಕೆ ಎರಡರಂತೆ ಹದಿನೈದು ವಾರದಲ್ಲಿ ಮೂವತ್ತು ಪುಸ್ತಕ ಕೈವಶ. ಕೊನೆಯ ಅಧ್ಯಾಯ ಬಿಡಬೇಡಿ. ಕತೆ ಸಾವಿನಲ್ಲಿ ಮುಗಿಯುತ್ತದೋ, ಮದುವೆಯಲ್ಲೋ, ಊರು ಬಿಡುವುದರಲ್ಲೋ ಎಂಬುದು ಗೊತ್ತಿಲ್ಲದೆ ಮಗುವಿನ ಕೈಗೆ ಪುಸ್ತಕ ಕೊಡಬಾರದು.

ಕಾರ್ಡಿನಲ್ಲಿ ಐದು ಸಾಲು: ಯಾರ ಕತೆ; ಎಲ್ಲಿ, ಯಾವಾಗ; ತೊಡಕೇನು; ಭಾಷೆ ಹಗುರವೋ ಗಟ್ಟಿಯೋ, ಯಾವ ಸೀಮೆಯದು; ಮೊದಲೇ ಹೇಳಬೇಕಾದ್ದೇನು. ಕೊನೆಯ ಸಾಲಿನಲ್ಲಿ ಆತ್ಮಹತ್ಯೆ, ಅತ್ಯಾಚಾರ, ಜಾತಿಯ ಬೈಗುಳ, ಕ್ರೌರ್ಯ ಇದ್ದರೆ ಪುಟದ ಸಂಖ್ಯೆಯ ಸಮೇತ ಬರೆದಿಡಿ. ಇದು ಪುಸ್ತಕವನ್ನು ಬಚ್ಚಿಡಲು ಅಲ್ಲ. ಕೊಡುವಾಗ ಒಂದು ಮಾತು ಹೇಳಲು, ಮುಂದೆ ಪೋಷಕರು ಬಂದು ಕೇಳಿದರೆ ತಡವರಿಸದೆ ಉತ್ತರ ಕೊಡಲು.

ಮೂರನೆಯದು: ಕೇಳುವುದು

ಇಡೀ ಕೆಲಸದ ತಿರುಳು ಇದೇ. ಸಾಮಾನ್ಯವಾಗಿ ನಡೆಯುವ ತಪ್ಪು, ‘ಯಾವ ಕ್ಲಾಸು? ಯಾವ ಸ್ಕೂಲು? ಮಾರ್ಕ್ಸ್ ಎಷ್ಟು ಬಂದಿದೆ?’ ಎಂದು ಶುರು ಮಾಡುವುದು. ಮನೆಗೆ ಬಂದ ನೆಂಟರೆಲ್ಲ ಕೇಳುವ ಪ್ರಶ್ನೆ ಅದು. ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ‘ನಿನಗೆ ಎಂಥ ಪುಸ್ತಕ ಇಷ್ಟ?’ ಎಂಬುದೂ ಕೆಲಸಕ್ಕೆ ಬಾರದು. ನಾಲ್ಕು ಪುಸ್ತಕವನ್ನೂ ಪೂರ್ತಿ ಓದಿರದ ಮಗುವಿಗೆ ತನಗೇನಿಷ್ಟ ಎಂಬುದು ಗೊತ್ತಿರುವುದಾದರೂ ಹೇಗೆ? ಅದು ‘ಯಾವ್ದಾದ್ರೂ ಕೊಡ್ರಿ ಸರ್’ ಅನ್ನುತ್ತದೆ. ನೀವೂ ಯಾವುದೋ ಒಂದು ಕೊಡುತ್ತೀರಿ. ಅದು ಓದದೆ ವಾಪಸು ಬರುತ್ತದೆ.

ಕೊನೆಯದಾಗಿ ಪೂರ್ತಿ ಮುಗಿಸಿದ್ದು ಯಾವುದು ಎಂದು ಕೇಳಿ. ಪುಸ್ತಕವೇ ಆಗಬೇಕಿಲ್ಲ. ಸಿನಿಮಾ, ಮೊಬೈಲಿನ ಸೀರೀಸು, ಅಜ್ಜಿ ಹೇಳಿದ ಕತೆ, ರಾತ್ರಿಯಿಡೀ ಕೂತು ನೋಡಿದ ಬಯಲಾಟ, ಏನೇ ಆಗಲಿ. ಆಮೇಲಿನ ಪ್ರಶ್ನೆ: ಅದರಲ್ಲಿ ಹಿಡಿಸಿದ್ದೇನು? ಮಾತು ಸುಮಾರಾಗಿ ಹೀಗೆ ಸಾಗಬೇಕು:

‘ಸರ್, ಒಂದ್ ಒಳ್ಳೆ ಕಾದಂಬರಿ ಕೊಡ್ರಿ.’

‘ಕೊಡ್ತೀನಿ ತಮ್ಮಾ. ಈಚೆಗೆ ಕೊನೇವರ್ಗೂ ಓದಿದ್ದೋ ನೋಡಿದ್ದೋ ಯಾವ್ದೈತಿ?’

‘ಓದಿದ್ದು ಇಲ್ರಿ. ಮೊಬೈಲ್‌ನಾಗೆ ಒಂದು ಸೀರೀಸ್ ನೋಡ್ದೆ.’

‘ಏನ್ ಹಿಡಿಸ್ತು ಅದ್ರಾಗೆ?’

‘ಯಾರು ಮಾಡಿದ್ದು ಅಂತ ಕೊನೇವರ್ಗೂ ಗೊತ್ತೇ ಆಗಲ್ಲ ಸರ್.’

‘ಪತ್ತೆ ಹಚ್ಚೋನು ಹಿಡಿಸಿದ್ನೋ, ಆ ಗುಟ್ಟು ಹಿಡಿಸ್ತೋ?’

‘ಗುಟ್ಟೇ ರಿ. ಆಮೇಲೆ ಅದೆಲ್ಲ ಕಾಡಿನಾಗೆ ನಡೀತೈತಿ.’

ಒಂದು ನಿಮಿಷದ ಈ ಮಾತಿನಲ್ಲಿ ಮೂರು ಸಂಗತಿ ಸಿಕ್ಕವು: ಓಟ ಚುರುಕಾಗಿರಬೇಕು, ಗುಟ್ಟೊಂದು ಇರಬೇಕು, ಕಾಡು ಇದ್ದರೆ ಇನ್ನೂ ಒಳ್ಳೆಯದು. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಕಡೆಗೆ ಕೈ ತಾನಾಗಿ ಹೋಗುತ್ತದೆ. ಅದೇ ಹುಡುಗ ‘ಆ ಪೊಲೀಸು ಒಬ್ಬನೇ ಇರ್ತಾನಲ್ರಿ, ಅವ್ನು ಹಿಡಿಸ್ದ’ ಎಂದಿದ್ದರೆ ಅವನಿಗೆ ಬೇಕಾದ್ದು ಗುಟ್ಟಲ್ಲ, ಪಾತ್ರ. ಆಗ ಪುಸ್ತಕ ಬೇರೆ. ‘ಪತ್ತೆ ಹಚ್ಚೋನೋ, ಗುಟ್ಟೋ’ ಎಂಬಂತೆ ಎರಡರಲ್ಲಿ ಒಂದನ್ನು ಆರಿಸಲು ಬಿಡುವ ಪ್ರಶ್ನೆ ಅದಕ್ಕೇ ಮುಖ್ಯ. ಕಿವಿಗೊಡಬೇಕಾದ ಅಂಶ ಐದು: ಕತೆಯ ಓಟ, ಪಾತ್ರ, ನಡೆಯುವ ಜಾಗ, ಮನಸ್ಸಿನ ಮೇಲೆ ಉಳಿಯುವ ಭಾವ, ಭಾಷೆ. ಮಕ್ಕಳು ಮೊದಲ ನಾಲ್ಕನ್ನು ತಾವಾಗಿ ಹೇಳುತ್ತಾರೆ. ಭಾಷೆಯನ್ನು ನೀವೇ ಪರೀಕ್ಷಿಸಬೇಕು.

ಈ ಮಾತುಕತೆ ಮೇಜಿನ ಮುಂದೆ ಬೇಡ, ಕಪಾಟಿನ ಪಕ್ಕ ನಿಂತು ಆಡಿ. ದಾವಣಗೆರೆಯಂಥ ಊರಿನ ಓದುವ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರು ತುಂಬಿರುತ್ತಾರೆ. ಪಿಸುಗುಟ್ಟಿದರೂ ತಲೆಯೆತ್ತಿ ನೋಡುತ್ತಾರೆ. ಅವರ ನಡುವೆ ಕತೆ ಪುಸ್ತಕ ಕೇಳಲು ಚಿಕ್ಕವರಿಗೆ ಸಂಕೋಚ. ಶನಿವಾರ ಶಾಲೆ ಬೆಳಿಗ್ಗೆಯೇ ಮುಗಿಯುವುದರಿಂದ ಅಂದು ಮಧ್ಯಾಹ್ನ ಎರಡು ಗಂಟೆಯನ್ನು, ಪತ್ರಿಕೆ ವಿಭಾಗವನ್ನೋ ಜಗಲಿಯನ್ನೋ ಅವರಿಗೆಂದು ಗೊತ್ತು ಮಾಡಿ ಬೋರ್ಡಿನಲ್ಲಿ ಬರೆಯಿರಿ.

ಮಾತೇ ಆಡದ ಮಕ್ಕಳೂ ಬರುತ್ತಾರೆ. ಅವರನ್ನು ಪೀಡಿಸಬೇಡಿ. ಎರಡು ಪುಸ್ತಕ ಎದುರಿಗಿಟ್ಟು ‘ಇವೆರಡ್ರಾಗೆ ಯಾವ್ದು ನೋಡ್ಬೇಕು ಅನ್ಸುತ್ತೆ?’ ಎಂದರೆ ಬೆರಳು ತೋರಿಸುತ್ತಾರೆ. ಮತ್ತೆರಡು ಇಡಿ. ಮೂರು ಸುತ್ತಿನಲ್ಲಿ ದಿಕ್ಕು ತಿಳಿಯುತ್ತದೆ. ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕಾದ ಹುಡುಗಿಯರಿಗೆ ಹತ್ತೇ ನಿಮಿಷ ಇರುತ್ತದೆ. ಅವರಿಗಾಗಿ ಒಂದು ಚೀಟಿ ಡಬ್ಬ ಇಡಿ: ‘ಹಿಂದೆ ಹಿಡಿಸಿದ್ದು ಇದು, ಇಂಥದ್ದು ಬೇಕು’ ಎಂದು ಬರೆದು ಹಾಕಿದರೆ ಮುಂದಿನ ಸಲ ಬರುವಷ್ಟರಲ್ಲಿ ಮೂರು ಪುಸ್ತಕ ಕಟ್ಟಿಟ್ಟಿರಬೇಕು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಗ್ರಂಥಾಲಯ ಸೂತ್ರಗಳಲ್ಲಿ ನಾಲ್ಕನೆಯದು ‘ಓದುಗನ ಸಮಯ ಉಳಿಸಿ’. ಅದು ಸಾರ್ಥಕವಾಗುವುದು ಇಂಥ ಕಡೆಯೇ.

ಓದಿನ ವೇಗ, ದಿನದ ಲೆಕ್ಕ

ಕನ್ನಡ ಚೆನ್ನಾಗಿ ಮಾತಾಡುವ ಮಗು ಕನ್ನಡವನ್ನು ಬೇಗ ಓದುತ್ತದೆ ಎಂದುಕೊಳ್ಳಬೇಡಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಎಷ್ಟೋ ಮಕ್ಕಳು ಒತ್ತಕ್ಷರದ ಹತ್ತಿರ ಎಡವುತ್ತಾರೆ. ಇದನ್ನು ಅವರು ಹೇಳಿಕೊಳ್ಳುವುದಿಲ್ಲ, ‘ಬೋರ್ ಆಯ್ತು’ ಅನ್ನುತ್ತಾರೆ. ಪುಸ್ತಕ ಕೊಡುವ ಮೊದಲು ನಡುವಿನ ಯಾವುದಾದರೂ ಒಂದು ಪುಟ ತೆಗೆದು ಮನಸ್ಸಿನಲ್ಲೇ ಓದಲು ಹೇಳಿ. ಅರ್ಥವಾಗದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಗಟ್ಟಿಯಾಗಿ ಓದಿಸಬೇಡಿ, ಅದು ಪರೀಕ್ಷೆಯಾಗಿಬಿಡುತ್ತದೆ.

ಹೊತ್ತನ್ನೂ ಗಮನಿಸಿ. ಪುಟಕ್ಕೆ ಎರಡು ನಿಮಿಷ ಹಿಡಿದು, ದಿನಕ್ಕೆ ಇಪ್ಪತ್ತು ನಿಮಿಷ ಓದಿದರೆ ಹತ್ತು ಪುಟ; ಹದಿನೈದು ದಿನದ ಅವಧಿಯಲ್ಲಿ 150 ಪುಟ. ಪುಟಕ್ಕೆ ಮೂರು ನಿಮಿಷವಾದರೆ ನೂರೇ ಪುಟ. ಟ್ಯೂಷನ್, ಮನೆಗೆಲಸ ಮುಗಿಸಿ ಓದುವ ಮಗುವಿಗೆ ನಾನೂರು ಪುಟದ ಕಾದಂಬರಿ ಕೊಟ್ಟು, ಅವಧಿ ಮುಗಿಯಿತೆಂದು ದಂಡ ಕೇಳಿದರೆ ಅದು ಮತ್ತೆ ಗ್ರಂಥಾಲಯದ ಕಡೆ ತಲೆ ಹಾಕುವುದಿಲ್ಲ. ಉದ್ದದ ಪುಸ್ತಕ ಕೊಡುವಾಗಲೇ ‘ಒಂದು ಸಲ ನವೀಕರಣ ಮಾಡ್ಕೊಡ್ತೀನಿ’ ಎಂದು ಹೇಳಿ, ರಿಜಿಸ್ಟರಿನಲ್ಲಿ ಗುರುತು ಹಾಕಿಕೊಳ್ಳಿ.

ನಾಲ್ಕನೆಯದು: ಮೂರು ಕೊಡಿ, ಅರ್ಧ ನಿಮಿಷ ಮಾತಾಡಿ, ಸುಮ್ಮನಾಗಿ

ಒಂದೇ ಪುಸ್ತಕ ಕೊಟ್ಟರೆ ಅದು ಅಪ್ಪಣೆ. ಹತ್ತು ಕೊಟ್ಟರೆ ಗೊಂದಲ. ಮೂರು ಸರಿ. ಒಂದು, ಅವರು ಹೇಳಿದ್ದಕ್ಕೆ ತೀರ ಹತ್ತಿರದ್ದು. ಇನ್ನೊಂದು, ಸ್ವಲ್ಪ ಆಚೆಯದು. ಮೂರನೆಯದು, ಕೇಳದೇ ಇದ್ದರೂ ಹಿಡಿಸಬಹುದೆಂದು ನಿಮಗೆ ಅನ್ನಿಸಿದ್ದು. ಪ್ರತಿಯೊಂದಕ್ಕೂ ಅರ್ಧ ನಿಮಿಷದ ಪರಿಚಯ.

ಪರಿಚಯದಲ್ಲಿ ಲೇಖಕರ ಪ್ರಶಸ್ತಿ, ಕೃತಿಯ ಸಂದೇಶ ಬೇಡ. ‘ಇದ್ರಾಗೆ ಒಳ್ಳೆ ನೀತಿ ಐತಿ’ ಅಂದ ಕೂಡಲೇ ಆ ಪುಸ್ತಕ ಸತ್ತಂತೆ. ಯಾರು, ಏನು ಎದುರಾಯಿತು, ಇಷ್ಟು ಹೇಳಿ ಕುತೂಹಲದ ಬಾಗಿಲ ಬಳಿ ನಿಲ್ಲಿ. ತೇಜಸ್ವಿಯವರ ‘ಕರ್ವಾಲೊ’ಗೆ ಹೀಗೆ ಹೇಳಬಹುದು: ‘ಮಲೆನಾಡಿನ ಹಳ್ಳಿಯಾಗೆ ಮಂದಣ್ಣ ಅಂತ ಒಬ್ಬ ಹುಡುಗ. ಊರವರ ಕಣ್ಣಿಗೆ ಬರೀ ಶುಂಠ. ಆದ್ರೆ ಕರ್ವಾಲೊ ಅನ್ನೋ ದೊಡ್ಡ ವಿಜ್ಞಾನಿ ಇವನ ಬೆನ್ನು ಬಿಡೋದೇ ಇಲ್ಲ. ಯಾಕಂದ್ರೆ ಕಾಡಿನಾಗೆ ಇವನು ಒಂದು ಓತಿ ನೋಡಿರ್ತಾನೆ, ಹಾರೋ ಓತಿ.’ ಅಲ್ಲಿಗೆ ನಿಲ್ಲಿಸಿ. 1980ರ ಈ ಕಾದಂಬರಿ ಈ ವಯಸ್ಸಿಗೆ ನಾವು ಮೊದಲು ನೆನೆಯುವ ಪುಸ್ತಕ: ಗಾತ್ರ ಸಣ್ಣದು, ನಗು ಧಾರಾಳ, ಓದಿನಲ್ಲಿ ಹಿಂದಿರುವ ಹುಡುಗನೊಬ್ಬ ಇಡೀ ಕತೆಗೆ ಬೇಕಾದವನಾಗುತ್ತಾನೆ. ಪರೀಕ್ಷೆಯಲ್ಲಿ ನಪಾಸಾದ ಮಗುವಿಗೆ ಸಮಾಧಾನದ ಮಾತು ಹೇಳುವ ಬದಲು ಇದನ್ನು ಕೊಡಿ.

‘ಜುಗಾರಿ ಕ್ರಾಸ್’ಗೆ: ‘ಏಲಕ್ಕಿ ಬೆಳೆಯೋ ಗಂಡ ಹೆಂಡ್ತಿ ಊರಿಗೆ ಹೊರಟಿರ್ತಾರೆ. ಇಪ್ಪತ್ನಾಲ್ಕು ತಾಸಿನಾಗೆ ಏನೇನಾಗುತ್ತೋ ನೋಡು.’ ಇಷ್ಟೇ ಸಾಕು.

ಮಾತು ಮುಗಿದ ಮೇಲೆ ಬೇರೆ ಕಡೆ ಹೋಗಿ. ನೀವು ನೋಡುತ್ತ ನಿಂತರೆ ನಿಮ್ಮನ್ನು ಮೆಚ್ಚಿಸಲು ದಪ್ಪದ್ದನ್ನೇ ಎತ್ತಿಕೊಳ್ಳುತ್ತಾರೆ.

ಕ್ರಮ ಹಾಕುವುದು: ಒಂದರ ಮೇಲೊಂದು ಮೆಟ್ಟಿಲು

ಮೊದಲ ಪುಸ್ತಕ ಹಿಡಿಸಿತು, ಎರಡನೆಯದಕ್ಕೇನು? ಇಲ್ಲಿ ಸಿದ್ಧತೆಯಿಲ್ಲದಿದ್ದರೆ ಗೆದ್ದದ್ದನ್ನೆಲ್ಲ ಕಳೆದುಕೊಳ್ಳುತ್ತೀರಿ. ಪ್ರತಿ ಬಣ್ಣಕ್ಕೂ ಮೂರು ನಾಲ್ಕು ಪುಸ್ತಕದ ಸಾಲೊಂದನ್ನು ಮೊದಲೇ ಕಟ್ಟಿಟ್ಟುಕೊಳ್ಳಿ.

ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕಾದಂಬರಿಗಳು ಒಳ್ಳೆಯ ಆರಂಭ: ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ (2011), ಬಸು ಬೇವಿನಗಿಡದರ ‘ಓಡಿ ಹೋದ ಹುಡುಗ’ (2021), ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022). ಆವರಣದಲ್ಲಿರುವುದು ಪುರಸ್ಕಾರದ ವರ್ಷ. ಡಿಸೋಜರದ್ದು ಹಿಡಿಸಿದವರಿಗೆ ಒಂದೆರಡು ವರ್ಷದ ನಂತರ ಅವರದೇ ‘ದ್ವೀಪ’ ಕೊಡಿ. ಅದೇ ಮುಳುಗಡೆಯ ನೋವು, ದೊಡ್ಡವರ ಕಣ್ಣಿನಿಂದ. ತೇಜಸ್ವಿ ಸಾಲಿನಲ್ಲಿ ‘ಕರ್ವಾಲೊ’, ‘ಜುಗಾರಿ ಕ್ರಾಸ್’ ಮುಗಿಸಿದ ಪಿಯುಸಿಯವರಿಗೆ ‘ಚಿದಂಬರ ರಹಸ್ಯ’. ಅಲ್ಲಿಂದ ಶಿವರಾಮ ಕಾರಂತರ ‘ಬೆಟ್ಟದ ಜೀವ’ಕ್ಕೆ ದಾರಿಯಿದೆ. ನಿಧಾನದ ಪುಸ್ತಕ ಅದು, ಚುರುಕಿನ ಓಟ ಬಯಸುವವರಿಗೆ ಮೊದಲೇ ಕೊಟ್ಟರೆ ಕೆಡುತ್ತದೆ. ದಾರಿ ತಪ್ಪಿದ ಪ್ರಯಾಣಿಕನೊಬ್ಬ ಬೆಟ್ಟದ ತಪ್ಪಲಿನ ಮುದುಕ ಮುದುಕಿಯ ಮನೆ ಸೇರುತ್ತಾನೆ ಎಂಬ ಎಳೆಯನ್ನು ಹಿಡಿದು ಪರಿಚಯಿಸಿದರೆ, ಕಾಡಿನ ಕತೆ ಓದಿ ಬಂದವರು ಕೈಬಿಡುವುದಿಲ್ಲ. ಮನಸ್ಸಿನ ಒಳಗನ್ನು ಹೇಳುವ ಕತೆ ಕೇಳುವ ಪಿಯುಸಿಯವರಿಗೆ ತ್ರಿವೇಣಿ. ಹುಡುಗಿಯರಿಗಷ್ಟೇ ಎಂದು ಅವರ ಪುಸ್ತಕ ಎತ್ತಿಡಬೇಡಿ.

ಪತ್ತೇದಾರಿ ಕಾದಂಬರಿ ಕೇಳಿದವರ ಎದುರು ಮುಖ ಸಿಂಡರಿಸಬೇಡಿ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ ಓದು ಹಚ್ಚಿಕೊಂಡವರು ಕನ್ನಡದಲ್ಲಿ ಲೆಕ್ಕವಿಲ್ಲದಷ್ಟು ಜನ. ಹಳೆಯ ಪಾಕೆಟ್ ಪುಸ್ತಕಗಳಲ್ಲಿ ಹೆಂಗಸರನ್ನು ಕೀಳಾಗಿ ಚಿತ್ರಿಸಿದವೂ ಇವೆ. ಕಾರ್ಡು ಬರೆಯುವಾಗಲೇ ಅವನ್ನು ಬೇರೆ ಮಾಡಿ.

ದುರ್ಗದ ಮಕ್ಕಳು, ತರಾಸು ಕಾದಂಬರಿಗಳು

ನಮ್ಮ ಎರಡೂ ಜಿಲ್ಲೆಗೆ ಸಿಕ್ಕ ಭಾಗ್ಯ ತರಾಸು, ಅಂದರೆ ತ.ರಾ. ಸುಬ್ಬರಾಯರು. ಹುಟ್ಟಿದ್ದು ಹರಿಹರದ ಬಳಿಯ ಮಲೇಬೆನ್ನೂರಿನಲ್ಲಿ, ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕಿನದು, ಬರೆದದ್ದು ದುರ್ಗದ ಕತೆ. ತಪ್ಪು ನಡೆಯುವುದೂ ಇಲ್ಲೇ. ‘ದುರ್ಗದ ಹುಡುಗ, ದುರ್ಗದ ಕಾದಂಬರಿ ಓದಲಿ’ ಎಂದು ಒಂಬತ್ತನೇ ಕ್ಲಾಸಿನವನ ಕೈಗೆ ‘ದುರ್ಗಾಸ್ತಮಾನ’ ಇಡುತ್ತೇವೆ. ಅದು ಅವರ ಮೇರುಕೃತಿ, 1985ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಆದರೆ ಗಾತ್ರ ದೊಡ್ಡದು, ಅರಮನೆಯ ಮಾತು ಭಾರ, ನಾಯಕರು, ದಳವಾಯಿಗಳ ಹೆಸರು ನೂರೆಂಟು. ಐವತ್ತನೇ ಪುಟಕ್ಕೆ ಮುಂಚೆಯೇ ಹುಡುಗ ಸೋಲುತ್ತಾನೆ. ಸೋತದ್ದು ತನ್ನ ಊರಿನ ಪುಸ್ತಕದ ಮುಂದೆ ಎಂಬ ಅಳುಕು ಅವನಿಗೆ ಬಹಳ ದಿನ ಉಳಿಯುತ್ತದೆ.

ಕೋಟೆಯಿಂದ ಶುರು ಮಾಡಿ. ಓಬವ್ವನ ಕಿಂಡಿ, ಏಕನಾಥೇಶ್ವರಿ ಗುಡಿ, ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಇವನ್ನು ಗುರುತಿಸಿದ ಕೈಬರಹದ ನಕ್ಷೆಯೊಂದನ್ನು ಪುಸ್ತಕದ ಮುಂದಿನ ಹಾಳೆಗೆ ಅಂಟಿಸಿ. ಓದಿದ ಜಾಗಕ್ಕೆ ಭಾನುವಾರ ಹತ್ತಿ ಹೋಗಬಹುದಾದ ಭಾಗ್ಯ ಎಲ್ಲ ಊರಿನ ಓದುಗರಿಗೂ ಇಲ್ಲ. ಆಮೇಲೆ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’, ಇದೇ ಕ್ರಮದಲ್ಲಿ. ಮೂರೂ ಒಂದೇ ಕತೆಯ ಮುಂದುವರಿಕೆ. ನಡುವಿನದನ್ನು ಮೊದಲು ಕೊಟ್ಟರೆ ಯಾರು ಯಾರ ಕಡೆಯವರೆಂದು ತಿಳಿಯದೆ ಬಿಡುತ್ತಾರೆ. ಮೊದಲ ಭಾಗ ಹೊರಗೆ ಹೋಗಿದ್ದರೆ ಕಾಯಿಸಿ, ಎರಡನೆಯದನ್ನು ಕೊಡಬೇಡಿ. ಹೆಸರುಗಳ ಗೊಂದಲಕ್ಕೆ ಪರಿಹಾರ ಸುಲಭ: ಹತ್ತು ಹನ್ನೆರಡು ಮುಖ್ಯ ಪಾತ್ರಗಳ ಹೆಸರು, ಯಾರಿಗೆ ಏನಾಗಬೇಕು ಎಂದು ಬರೆದ ಚೀಟಿಯನ್ನು ಪುಟಗುರುತಾಗಿ ಒಳಗಿಡಿ. ಈ ಮೂರನ್ನು ಮುಗಿಸಿದವರು ‘ದುರ್ಗಾಸ್ತಮಾನ’ವನ್ನು ತಾವೇ ಕೇಳಿ ಪಡೆಯುತ್ತಾರೆ. ಪಾಳೆಯಗಾರರ ಕತೆ ಇನ್ನೂ ಬೇಕೆಂದವರಿಗೆ ದುರ್ಗದವರೇ ಆದ ಬಿ.ಎಲ್. ವೇಣು ಇದ್ದಾರೆ. ಕೊಡುವಾಗ ಒಂದು ಮಾತು ಸೇರಿಸಿ: 1779ರಲ್ಲಿ ಕೋಟೆ ಹೈದರಾಲಿಯ ವಶವಾದದ್ದು ಇತಿಹಾಸ, ಯಾರು ಯಾರಿಗೆ ಏನೆಂದರು ಎಂಬುದು ಕಾದಂಬರಿಕಾರರ ಕಲ್ಪನೆ. ಓದಿದ್ದನ್ನು ಪರೀಕ್ಷೆಯ ಉತ್ತರಕ್ಕೆ ಬರೆದು ಅಂಕ ಕಳೆದುಕೊಳ್ಳುವುದು ತಪ್ಪುತ್ತದೆ.

‘ನಾಗರಹಾವು’ ಸಿನಿಮಾ ನೋಡಿ ಪುಸ್ತಕ ಕೇಳಿಕೊಂಡು ಬರುವವರೂ ಇದ್ದಾರೆ. 1972ರ ಆ ಚಿತ್ರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿ ಸೇರಿ ಆದದ್ದು ಎಂಬುದನ್ನು ಮೊದಲೇ ತಿಳಿಸಿ. ಇಲ್ಲದಿದ್ದರೆ ಮೊದಲನೆಯದನ್ನು ಓದಿ ‘ಅರ್ಧ ಕತೆನೇ ಇಲ್ವಲ್ಲ ಸರ್’ ಎಂದು ವಾಪಸು ತರುತ್ತಾರೆ. ಪ್ರೀತಿ, ಹಟ, ಸಾವಿನ ಈ ಕತೆಯನ್ನು ಪಿಯುಸಿಯವರಿಗೆ ಕೊಡುವುದು ವಾಸಿ.

ಪ್ರೀತಿ, ಜಾತಿ, ಸಾವು ಇರುವ ಪುಸ್ತಕ

ಇಂಥ ಪುಸ್ತಕ ಕೊಡಬಾರದೆಂದರೆ ಕೊಡಲು ಏನೂ ಉಳಿಯುವುದಿಲ್ಲ. ಕೊಡುವಾಗ ಸರಳವಾಗಿ ಹೇಳಿ: ‘ನೋಡಮ್ಮ, ಇದ್ರಾಗೆ ಒಂದು ಸಾವು ಬರುತ್ತೆ, ಓದೋಕೆ ಕಷ್ಟ ಆದ್ರೆ ನಿಲ್ಸು, ಬೇರೆ ಕೊಡ್ತೀನಿ.’ ಬಹುತೇಕ ಮಕ್ಕಳು ನಿಲ್ಲಿಸುವುದಿಲ್ಲ. ಆದರೆ ನಿಲ್ಲಿಸಬಹುದು ಎಂಬುದು ತಿಳಿದಿರಬೇಕು.

ಮನೆ, ಕೇರಿ, ಹಾಸ್ಟೆಲ್ಲು ನೋಡಿ ಪುಸ್ತಕ ಆರಿಸಬೇಡಿ. ದಲಿತ ಹುಡುಗನಿಗೆ ಕಾರಂತರ ‘ಚೋಮನ ದುಡಿ’, ಮುಸ್ಲಿಂ ಹುಡುಗಿಗೆ ಮುಸ್ಲಿಂ ಲೇಖಕರದ್ದು, ಹುಡುಗಿಯರಿಗೆ ಸಂಸಾರದ ಕತೆ ಎಂದು ಹಂಚುವುದು ಸದುದ್ದೇಶದಿಂದ ಮಾಡಿದರೂ ಗಾಯ ಮಾಡುತ್ತದೆ. ತಮ್ಮಂಥವರ ಕತೆ ಬೇಕೆನಿಸಿದರೆ ಅವರೇ ಕೇಳುತ್ತಾರೆ. ಕೇಳಿದಾಗ ಇಲ್ಲವೆನ್ನದಂತೆ ಕಪಾಟಿನಲ್ಲಿ ಅವು ಇರಬೇಕು. ಹಾಗೆಯೇ ‘ಚೋಮನ ದುಡಿ’ಯನ್ನು ಎಲ್ಲ ಮಕ್ಕಳೂ ಓದಲಿ. ನೂರು ಪುಟದ ಆಸುಪಾಸಿನ ಆ ಪುಸ್ತಕ 1933ರದ್ದು. ಅಂದಿನ ಜಾತಿಸೂಚಕ ಮಾತುಗಳು ಹ್ಯಾಗಿವೆಯೋ ಹಾಗೇ ಇವೆ ಎಂಬುದನ್ನು ಕಾರ್ಡಿನಲ್ಲಿ ಬರೆದಿಟ್ಟು, ಕೊಡುವಾಗ ಹೇಳಿ.

ಪೋಷಕರು ಸಿಟ್ಟಿನಿಂದ ಬಂದರೆ ಕೂರಿಸಿ, ಕಾರ್ಡು ತೋರಿಸಿ, ಅವರು ಆಕ್ಷೇಪಿಸಿದ ಪುಟವನ್ನು ಅಧ್ಯಾಯದ ಸಮೇತ ಓದಲು ಕೊಡಿ. ಹಿಂದಿನ ಮುಂದಿನ ಪುಟ ಓದಿದ ಮೇಲೆ ಬಹಳ ಜನ ತಣ್ಣಗಾಗುತ್ತಾರೆ. ಆಗದಿದ್ದರೆ ತಮ್ಮ ಮಗುವಿಗೆ ಆ ಪುಸ್ತಕ ಬೇಡವೆನ್ನುವುದು ಅವರ ಹಕ್ಕು. ಬೇರೆ ಮಕ್ಕಳಿಗೂ ಬೇಡ, ಕಪಾಟಿನಿಂದ ತೆಗೆಯಿರಿ ಎಂದರೆ ಲಿಖಿತ ಅರ್ಜಿ ತೆಗೆದುಕೊಂಡು ಮೇಲಧಿಕಾರಿಗೋ ಗ್ರಂಥಾಲಯ ಸಮಿತಿಗೋ ಒಪ್ಪಿಸಿ. ನಿಂತ ನಿಲುವಿನಲ್ಲಿ ಪುಸ್ತಕ ತೆಗೆಯಬೇಡಿ.

ಯಾವ ಮಗು ಏನು ಓದಿತು ಎಂಬುದನ್ನು ಮೇಷ್ಟರಿಗಾಗಲಿ ಗೆಳೆಯರಿಗಾಗಲಿ ಹೇಳಬಾರದು. ಒಂದೇ ಬಗೆಯ ಕತ್ತಲ ಕತೆಗಳನ್ನು ಒಂದಾದ ಮೇಲೊಂದು ಕೇಳುವ ಮಗುವಿಗೆ ಬೇಡವೆನ್ನದೆ ಕೊಡಿ, ಜೊತೆಗೆ ‘ಹೆಂಗಿದೀಯಾ?’ ಎಂದು ಕೇಳಿ. ಮಗು ಮನೆಯ ಹಿಂಸೆಯನ್ನೋ ಸಾಯುವ ಯೋಚನೆಯನ್ನೋ ಹೇಳಿಕೊಂಡರೆ ಅದು ಪುಸ್ತಕದಿಂದ ಬಗೆಹರಿಯುವ ವಿಷಯವಲ್ಲ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿಮಾನಸ್ 14416, ಈ ಎರಡು ನಂಬರು ಗೋಡೆಯ ಮೇಲೆ ಯಾವಾಗಲೂ ಕಾಣುವಂತಿರಲಿ.

ಐದನೆಯದು: ವಾಪಸು ತಂದಾಗ

‘ಏನು ಕಲಿತೆ?’ ಎಂದು ಕೇಳಬೇಡಿ. ‘ಓದಿದ್ಯಾ?’ ಎಂದೂ ಬೇಡ. ಅದಕ್ಕೆ ಹೂಂ ಎಂಬ ಸುಳ್ಳೇ ಉತ್ತರ. ‘ಎಲ್ಲಿಗೆ ನಿಲ್ಸಿದೆ?’ ಎಂದು ಕೇಳಿ. ಓದದೆ ಬಿಡುವುದು ತಪ್ಪಲ್ಲ ಎಂಬುದು ಈ ಪ್ರಶ್ನೆಯೊಳಗೇ ಇದೆ, ಆದ್ದರಿಂದ ನಿಜ ಹೇಳುತ್ತಾರೆ. ಹತ್ತನೇ ಪುಟಕ್ಕೆ ಬಿಟ್ಟರೆ ಭಾಷೆ ತೊಡಕಾಗಿದೆ. ನಲವತ್ತಕ್ಕೆ ಬಿಟ್ಟರೆ ಕತೆ ಹಿಡಿದಿಲ್ಲ. ನೂರು ದಾಟಿ ಬಿಟ್ಟಿದ್ದರೆ ಸಾಮಾನ್ಯವಾಗಿ ಹೊತ್ತು ಸಾಲದೆ. ಅವರಿಗೆ ಅದೇ ಪುಸ್ತಕ ಮತ್ತೆ ಕೊಡಿ. ಒಂದು ನೋಟುಬುಕ್ಕಿನಲ್ಲಿ ಪುಸ್ತಕದ ಹೆಸರು, ಎಷ್ಟು ಜನ ಒಯ್ದರು, ಎಷ್ಟು ಜನ ಮುಗಿಸಿದರು, ಬಿಟ್ಟವರು ಎಲ್ಲಿ ಬಿಟ್ಟರು ಎಂದು ಬರೆಯುತ್ತ ಹೋಗಿ. ಮಕ್ಕಳ ಹೆಸರು ಬೇಡ. ಮೂರು ನಾಲ್ಕು ಜನ ಒಂದೇ ಜಾಗದಲ್ಲಿ ಬಿಟ್ಟ ಪುಸ್ತಕವನ್ನು ಈ ಅಂಕಣದಿಂದ ಹಿಂದಕ್ಕೆ ಕಳಿಸಿ, ಅದು ನಿಮಗೆ ಎಷ್ಟೇ ಪ್ರಿಯವಾಗಿದ್ದರೂ.

ಒಬ್ಬರಿಗೆ ಎರಡು ಸಲ ತಪ್ಪಿದರೆ ಮೂರನೇ ಸಲ ಬಗೆಯನ್ನೇ ಬದಲಿಸಿ. ಕಾದಂಬರಿ ಬಿಟ್ಟು ಬೇಟೆಯ ಅನುಭವ, ಪ್ರವಾಸ ಕಥನ, ಸಣ್ಣಕತೆ ಕೊಡಿ. ಕೆಲವರು ಕಾದಂಬರಿಗೆ ಬರುವುದು ಆ ದಾರಿಯಿಂದಲೇ.

ಕಾಲ ನೋಡಿ ಕೊಡುವುದು, ಕೊಳ್ಳುವುದು

ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಹತ್ತನೇ ಕ್ಲಾಸು, ಎರಡನೇ ಪಿಯುಸಿಯವರಿಗೆ ಕಾದಂಬರಿಗಿಂತ ಸಣ್ಣಕತೆ ಮೇಲು. ಮನೆಯಲ್ಲಿ ಬೈಸಿಕೊಂಡು ಕದ್ದು ಓದುವ ಸ್ಥಿತಿ ತರಬೇಡಿ. ಬೇಸಿಗೆ ರಜೆ ಶುರುವಾಗುವ ಮುನ್ನಾ ವಾರ ವರ್ಷದ ಮುಖ್ಯ ವಾರ. ಹಿರಿಯೂರು, ಮೊಳಕಾಲ್ಮೂರು ಕಡೆಯ ಹಾಸ್ಟೆಲ್ ಮಕ್ಕಳು ಊರಿಗೆ ಹೊರಡುವ ಮೊದಲು, ನಿಯಮದಲ್ಲಿ ಅವಕಾಶವಿದ್ದಷ್ಟೂ ಪುಸ್ತಕ ಒಟ್ಟಿಗೆ ಕೊಟ್ಟು ಶಾಲೆ ತೆರೆಯುವ ದಿನದವರೆಗೆ ಅವಧಿ ಬರೆದುಕೊಡಿ. ದಸರಾ ರಜೆಗೂ ಹೀಗೆಯೇ.

ಕೊಳ್ಳಲು ಹಣ ಬಂದರೆ ಹೊಸ ಹೊಸ ಹೆಸರಿಗೆ ಆಸೆಪಡಬೇಡಿ. ಪುಸ್ತಕಕ್ಕೆ ಸುಮಾರು 200 ರೂಪಾಯಿ ಹಿಡಿದರೆ 5,000 ರೂಪಾಯಿಗೆ ಇಪ್ಪತ್ತೈದು ಬರುತ್ತವೆ. ಇಪ್ಪತ್ತೈದು ಹೆಸರಿನ ಬದಲು ಹದಿನೈದು ಹೆಸರು ಕೊಂಡು, ನೋಟುಬುಕ್ಕಿನ ಪ್ರಕಾರ ಹೆಚ್ಚು ಜನ ಮುಗಿಸಿದ ಹತ್ತಕ್ಕೆ ಎರಡನೇ ಪ್ರತಿ ತನ್ನಿ. ಈ ವಯಸ್ಸಿನವರು ಗೆಳೆಯ ಓದಿದ್ದನ್ನೇ, ಅವನು ಓದುತ್ತಿರುವಾಗಲೇ ಓದಬೇಕೆನ್ನುತ್ತಾರೆ. ಒಂದೇ ಪ್ರತಿಯಿದ್ದರೆ ಎರಡನೆಯವನ ಸರದಿ ಬರುವಷ್ಟರಲ್ಲಿ ಆಸೆ ಆರಿರುತ್ತದೆ. ಎರಡು ಪ್ರತಿ ಒಟ್ಟಿಗೆ ಹೊರಗೆ ಹೋದಾಗ ಇಬ್ಬರಿಗೂ ಖಾಲಿ ಕಾರ್ಡು ಕೊಟ್ಟು ಕಳಿಸಿ. ಮುಗಿಸಿದವರು ತಮ್ಮ ಮಾತಿನಲ್ಲಿ ಮೂರು ಸಾಲು ಬರೆದು ತಂದರೆ ಅದನ್ನು ಪುಸ್ತಕದ ಮುಂದೆ ನಿಲ್ಲಿಸಿ. ನಿಮ್ಮ ಕಾರ್ಡು ನಿಮ್ಮ ಮೇಜಿನ ಖಾನೆಯಲ್ಲೇ ಇರಲಿ.